ಅಚ್ಚಿನೊಳಗೆ ಅಡೆತಡೆಯಿಲ್ಲದ ಹರಿವು: ಪ್ಲಾಸ್ಟಿಕ್ ಮತ್ತು ಡೈಕಾಸ್ಟ್ ಬಿಡಿಭಾಗಗಳ ವಿನ್ಯಾಸಕ್ಕೊಂದು ಮಾರ್ಗದರ್ಶಿ

ಕೊಪ್ಪಳ, ರಾಯಚೂರು, ಬಳ್ಳಾರಿ ಭಾಗದಲ್ಲಿ ಸಣ್ಣ ಮೋಲ್ಡಿಂಗ್ ಘಟಕ ನಡೆಸುವವರಿಂದಲೂ, ಡಿಪ್ಲೊಮಾ ಮುಗಿಸಿ ಅಚ್ಚು ತಯಾರಿಸುವ ಟೂಲ್‌ರೂಮ್ ಸೇರಿರುವ ಯುವಜನರಿಂದಲೂ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ. ಮಷಿನ್ ಸರಿಯಿದೆ, ಮಾಲು, ಅಂದರೆ ಕರಗಿಸಿ ಅಚ್ಚಿಗೆ ತುಂಬುವ ಪ್ಲಾಸ್ಟಿಕ್ ಅಥವಾ ಲೋಹ, ಸರಿಯಿದೆ, ಆದರೂ ಪೀಸ್ ಪೂರ್ತಿ ತುಂಬುವುದಿಲ್ಲ, ಒತ್ತಡ ಏರಿಸಿ ತುಂಬಿಸಿದರೆ ಅಂಚಿನಲ್ಲಿ ಚರ್ಮದಂತೆ ತೆಳುವಾದ ಪದರ ಹೊರಬರುತ್ತದೆ, ಇಲ್ಲವೇ ಮೇಲ್ಮೈಯಲ್ಲಿ ಕುಳಿ ಬೀಳುತ್ತದೆ, ಏನು ಮಾಡಬೇಕು? ಇಂತಹ ತೊಂದರೆಗಳಲ್ಲಿ ಬಹುಪಾಲು ಮಷಿನ್ ಚಾಲೂ ಆಗುವುದಕ್ಕಿಂತ ಎಷ್ಟೋ ವಾರ ಮೊದಲೇ, ಬಿಡಿಭಾಗದ ಡ್ರಾಯಿಂಗ್ ಬರೆಯುವಾಗಲೇ ಹುಟ್ಟಿರುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ಡ್ರಾಯಿಂಗ್ ಹಂತದಿಂದಲೇ ಆರಂಭಿಸಿ, ಯಾವ ಕ್ರಮದಲ್ಲಿ ಯೋಚಿಸಬೇಕೆಂಬುದನ್ನು ಇಲ್ಲಿ ಬರೆದಿದ್ದೇನೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರ ಕಷ್ಟವನ್ನು ನಮ್ಮ ಭಾಗದವರಿಗೆ ವಿವರಿಸಬೇಕಾಗಿಲ್ಲ. ಮೇಲ್ಭಾಗದಲ್ಲಿ ನೀರು ಎಲ್ಲೆಂದರಲ್ಲಿ ಹರಿದುಹೋದರೆ ಮಾನ್ವಿ, ಸಿರವಾರದ ಕಡೆಯ ಹೊಲಕ್ಕೆ ತಲುಪುವಾಗ ಬಲವೇ ಉಳಿದಿರುವುದಿಲ್ಲ. ಅಚ್ಚಿನೊಳಗಿನ ಮಾಲಿನ ಪಾಡೂ ಇದೇ. ಆದರೆ ಇಲ್ಲಿ ಇನ್ನೊಂದು ಕಷ್ಟವಿದೆ: ಹರಿಯುತ್ತಿರುವಾಗಲೇ ಮಾಲು ಗಟ್ಟಿಯಾಗುತ್ತಾ, ತನ್ನ ಕಾಲುವೆಯನ್ನು ತಾನೇ ಕಿರಿದು ಮಾಡಿಕೊಳ್ಳುತ್ತಾ ಹೋಗುತ್ತದೆ. ಬಿಡಿಭಾಗದ ಕಟ್ಟಕಡೆಯ ಮೂಲೆಗೆ ಮಾಲು ಯಾವ ದಾರಿಯಿಂದ, ಎಷ್ಟು ಬಿಸಿಯಾಗಿ, ಎಷ್ಟು ಒತ್ತಡದೊಡನೆ ತಲುಪುತ್ತದೆ ಎಂದು ಪ್ರತಿ ಗೆರೆ ಎಳೆಯುವಾಗಲೂ ಕೇಳಿಕೊಳ್ಳಬೇಕು.

ಕೆಲಸ ಆರಂಭಿಸುವ ಮುನ್ನ ನಾಲ್ಕು ಸಂಗತಿಗಳು ಕೈಯಲ್ಲಿರಲಿ: ಬಳಸಲಿರುವ ಮಾಲಿನ ನಿಖರವಾದ ಗ್ರೇಡ್ ಮತ್ತು ಅದರ ತಯಾರಕರು ಕೊಟ್ಟ ಮಾಹಿತಿಪತ್ರ, ಮಷಿನ್ ಎಷ್ಟು ಟನ್ನಿನದು, ಅಂದರೆ ಅಚ್ಚನ್ನು ಎಷ್ಟು ಟನ್ ಬಲದಿಂದ ಬಿಗಿಹಿಡಿಯುತ್ತದೆ, ಒಂದು ಹೊಡೆತಕ್ಕೆ ಎಷ್ಟು ಗ್ರಾಂ ಮಾಲು ತಳ್ಳಬಲ್ಲದು ಎಂಬ ವಿವರ, ಬಿಡಿಭಾಗದ ಯಾವ ಮುಖ ಹೊರಗೆ ಕಾಣುತ್ತದೆ, ಯಾವ ಜಾಗಕ್ಕೆ ಭಾರ ಅಥವಾ ನೀರಿನ ಒತ್ತಡ ಬೀಳುತ್ತದೆ ಎಂಬ ಗುರುತು, ಮತ್ತು ಅದು ಜೋಡಣೆಯಾಗುವ ಇನ್ನೊಂದು ಭಾಗದ ಮಾದರಿ. ಮೂರನೆಯದನ್ನು ಕೇಳದೆಯೇ ಅಚ್ಚಿನ ಕೆಲಸ ಹಿಡಿಯುವುದು ನಮ್ಮಲ್ಲಿ ಸಾಮಾನ್ಯವಾಗಿದೆ. ಅದು ಎಷ್ಟು ದುಬಾರಿಯಾಗುತ್ತದೆ ಎಂಬುದು ಐದನೆಯ ಹಂತದಲ್ಲಿ ತಿಳಿಯುತ್ತದೆ.

ಹಂತ 1: ಮಾಲಿನ ಸ್ವಭಾವವನ್ನು ತಿಳಿದುಕೊಳ್ಳಿ

ಕರಗಿದ ಪ್ಲಾಸ್ಟಿಕ್ ಜೇನಿಗಿಂತಲೂ ಮಂದವಾದ ದ್ರವ. ಅದು ಅಚ್ಚಿನ ಗೋಡೆಯನ್ನು ಸವರಿಕೊಂಡು ಜಾರುವುದಿಲ್ಲ; ನಡುವಿನಿಂದ ಮುಂದೆ ಉಕ್ಕಿ ಬಂದು ಎರಡೂ ಬದಿಗೆ ಹರಡಿ, ಗೋಡೆಗೆ ತಾಗಿದ ಕೂಡಲೇ ಅಲ್ಲಿಯೇ ಗಟ್ಟಿಯಾಗುತ್ತದೆ. ಅದರ ಹಿಂದೆ ಬರುವ ಮಾಲು ಈ ಗಟ್ಟಿ ಪದರಗಳ ನಡುವೆ ಉಳಿದ ಸಂದಿಯಲ್ಲಿ ಸಾಗಬೇಕು. ಪಾಲಿಪ್ರೊಪಿಲೀನ್, ಅಂದರೆ ನಾವು ಪಿಪಿ ಎನ್ನುವ ಮಾಲು, ಸುಮಾರು 200ರಿಂದ 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸರಾಗವಾಗಿ ಹರಿಯುತ್ತದೆ. ಎಬಿಎಸ್ ಎಂಬ ಗಡಸು ಪ್ಲಾಸ್ಟಿಕ್ ಅದಕ್ಕಿಂತ ಮಂದ, ಪಾಲಿಕಾರ್ಬೊನೇಟ್ ಇನ್ನೂ ಮಂದ. ನೈಲಾನ್ 66 ಕರಗಿದಾಗ ನೀರಿನ ಹಾಗೆ ತೆಳುವಾಗಿ ಸಣ್ಣ ಸಂದಿಗೂ ನುಗ್ಗುತ್ತದೆ, ಆದರೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವುದರಿಂದ ಅದನ್ನು ಮೊದಲು ಒಣಗಿಸಲೇಬೇಕು.

ಲೋಹದ ಡೈಕಾಸ್ಟಿಂಗ್ ಬೇರೆಯೇ ಲೋಕ. ಉಕ್ಕಿನ ಡೈಗೆ, ಅಂದರೆ ಅಚ್ಚಿಗೆ, ಕರಗಿದ ಲೋಹವನ್ನು ಒತ್ತಡದಿಂದ ಚಿಮ್ಮಿಸುವ ವಿಧಾನವಿದು. ಇಲ್ಲಿ ಲೋಹ ನೀರಿನಂತೆ ತೆಳುವಾಗಿರುತ್ತದೆ, ಆದರೆ ಅದಕ್ಕೆ ಸಮಯವೇ ಇರುವುದಿಲ್ಲ. ಅಲ್ಯುಮಿನಿಯಂ ಮಿಶ್ರಲೋಹ ಸುಮಾರು 650ರಿಂದ 680 ಡಿಗ್ರಿಯಲ್ಲಿ ಬಂದು, ಗೇಟಿನ, ಅಂದರೆ ಒಳಹೋಗುವ ಬಾಗಿಲಿನ, ಬಳಿ ಸೆಕೆಂಡಿಗೆ 30ರಿಂದ 60 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಒಳನುಗ್ಗಿ, ಸೆಕೆಂಡಿನ ಹತ್ತನೆಯ ಒಂದು ಪಾಲಿಗಿಂತ ಕಡಿಮೆ ಅವಧಿಯಲ್ಲಿ ಡೈಯನ್ನು ತುಂಬುತ್ತದೆ. ಜಿಂಕ್ ಮಿಶ್ರಲೋಹಕ್ಕೆ 410ರಿಂದ 430 ಡಿಗ್ರಿ ಸಾಕು. ಜಿಂಕ್‌ಗೆ ಹಾಟ್ ಚೇಂಬರ್ ಮಷಿನ್, ಅಂದರೆ ಪಂಪು ಕರಗಿದ ಲೋಹದಲ್ಲಿಯೇ ಮುಳುಗಿರುವ ಮಷಿನ್, ಹೊಂದುತ್ತದೆ. ಅಲ್ಯುಮಿನಿಯಂ ಕಬ್ಬಿಣವನ್ನು ಕರಗಿಸಿ ತಿನ್ನುವುದರಿಂದ ಅದಕ್ಕೆ ಕೋಲ್ಡ್ ಚೇಂಬರ್ ಮಷಿನ್, ಅಂದರೆ ಬೇರೆ ಕುಲುಮೆಯಲ್ಲಿ ಕರಗಿಸಿದ ಲೋಹವನ್ನು ಪ್ರತಿ ಹೊಡೆತಕ್ಕೂ ಸುರಿದುಕೊಳ್ಳುವ ಮಷಿನ್, ಬೇಕು.

ನಮ್ಮ ಭಾಗದವರಿಗೆ ಒಂದು ವಿಶೇಷ ಎಚ್ಚರಿಕೆ. ಗಿಣಿಗೇರಿ, ಬೇವಿನಹಳ್ಳಿ ಸುತ್ತ ಬೀಡು ಕಬ್ಬಿಣದ ಕೆಲಸ ನೋಡಿ ಬೆಳೆದವರು ಅಲ್ಲಿನ ಮರಳಚ್ಚಿನ ರೂಢಿಯನ್ನು ಡೈಗೂ ತರುತ್ತಾರೆ. ಮರಳಿನಲ್ಲಿ ಕಣಗಳ ನಡುವೆ ಗಾಳಿ ತಪ್ಪಿಸಿಕೊಳ್ಳುತ್ತದೆ, ದಪ್ಪ ಭಾಗದ ಮೇಲೆ ರೈಸರ್, ಅಂದರೆ ಹೆಚ್ಚುವರಿ ಲೋಹ ತುಂಬಿಡುವ ಕುಣಿ, ಇಟ್ಟರೆ ಲೋಹ ಕುಗ್ಗುವಾಗ ಅದರಿಂದ ಪೂರೈಕೆಯಾಗುತ್ತದೆ. ಉಕ್ಕಿನ ಡೈಯಲ್ಲಿ ಗಾಳಿಗೆ ನೀವು ಕೊರೆದ ದಾರಿಯನ್ನು ಬಿಟ್ಟರೆ ಬೇರೆ ದಾರಿಯಿಲ್ಲ, ರೈಸರ್ ಇಲ್ಲ, ಲೋಹ ಪೂರೈಸಬೇಕಾದ ತೆಳುವಾದ ಗೇಟ್ ಎಲ್ಲಕ್ಕಿಂತ ಮೊದಲೇ ಗಟ್ಟಿಯಾಗಿಬಿಡುತ್ತದೆ. ಆದ್ದರಿಂದ ಮರಳಚ್ಚಿಗೆ ಬಲ ಕೊಡುವ ದಪ್ಪವು ಡೈಕಾಸ್ಟ್ ಭಾಗದಲ್ಲಿ ಒಳಗೊಳಗೇ ಟೊಳ್ಳಾಗುತ್ತದೆ.

ಹಂತ 2: ಗೋಡೆಯ ದಪ್ಪವನ್ನು ಒಂದೇ ಸಮನಾಗಿರಿಸಿ

ಇಡೀ ಲೇಖನದಲ್ಲಿ ಒಂದೇ ಹಂತವನ್ನು ಪಾಲಿಸುವಿರಾದರೆ ಇದನ್ನು ಪಾಲಿಸಿ. ಪಿಪಿ ಭಾಗಗಳಿಗೆ ಸಾಮಾನ್ಯವಾಗಿ 1.5ರಿಂದ 2.5 ಮಿಲಿಮೀಟರ್, ಎಬಿಎಸ್‌ಗೆ 2ರಿಂದ 3, ಅಲ್ಯುಮಿನಿಯಂ ಡೈಕಾಸ್ಟ್‌ಗೆ 2ರಿಂದ 4, ಸಣ್ಣ ಜಿಂಕ್ ಭಾಗಗಳಿಗೆ 1ರಿಂದ 1.5 ಮಿಲಿಮೀಟರ್ ದಪ್ಪದಿಂದ ಯೋಚನೆ ಆರಂಭಿಸಬಹುದು. ಯಾವ ಸಂಖ್ಯೆಯನ್ನು ಆರಿಸಿಕೊಂಡರೂ ಅದು ಇಡೀ ಭಾಗದಲ್ಲಿ ಸಾಧ್ಯವಾದಷ್ಟು ಒಂದೇ ಆಗಿರಲಿ.

ಗಟ್ಟಿಮುಟ್ಟಾಗಲಿ ಎಂದು ದಪ್ಪ ಹೆಚ್ಚಿಸುವವರು ಒಂದು ಲೆಕ್ಕವನ್ನು ಮರೆಯುತ್ತಾರೆ. ಪ್ಲಾಸ್ಟಿಕ್ ತಣಿಯಲು ಬೇಕಾಗುವ ಸಮಯ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗೋಡೆಯನ್ನು 2 ಮಿಲಿಮೀಟರ್‌ನಿಂದ 3ಕ್ಕೆ ಏರಿಸಿದರೆ ಮಾಲು ಒಂದೂವರೆ ಪಟ್ಟು ಹಿಡಿಯುತ್ತದೆ, ತಣಿಯುವ ಸಮಯ ಮಾತ್ರ ಎರಡೂಕಾಲು ಪಟ್ಟಾಗುತ್ತದೆ. ದಿನಕ್ಕೆ ಎಷ್ಟು ಪೀಸ್ ಹೊರಬರುತ್ತದೆ ಎಂಬುದು ಇದರ ಮೇಲೆಯೇ ನಿಂತಿದೆ.

ಬಹಳ ತೆಳುವಾಗಿಸುವುದರಲ್ಲಿಯೂ ಅಪಾಯವಿದೆ. ಇದನ್ನು ಅಳೆಯಲು ಒಂದು ಸರಳ ಲೆಕ್ಕ: ಗೇಟಿನಿಂದ ಅತಿ ದೂರದ ತುದಿಗೆ ಮಾಲು ಸಾಗುವ ಉದ್ದವನ್ನು ಗೋಡೆಯ ದಪ್ಪದಿಂದ ಭಾಗಿಸಿ. ದಾರಿ 240 ಮಿಲಿಮೀಟರ್, ದಪ್ಪ 2 ಮಿಲಿಮೀಟರ್ ಎಂದಾದರೆ ಉತ್ತರ 120. ಪಿಪಿ ಇದನ್ನು ಆರಾಮವಾಗಿ ದಾಟುತ್ತದೆ. ಅದೇ ಭಾಗವನ್ನು 1 ಮಿಲಿಮೀಟರ್‌ಗೆ ಇಳಿಸಿದರೆ ಉತ್ತರ 240 ಆಗಿ, ಪಿಪಿಗೂ ಅದು ಅಂಚಿನ ಸ್ಥಿತಿ. ಎಬಿಎಸ್ ಆದರೆ ದಾರಿಯಲ್ಲಿಯೇ ನಿಂತುಬಿಡುವ ಸಾಧ್ಯತೆ ಹೆಚ್ಚು. ಹೀಗೆ ತುಂಬದೆ ಉಳಿದ ಪೀಸನ್ನೇ ಶಾರ್ಟ್ ಶಾಟ್ ಎನ್ನುವುದು.

ದಪ್ಪ ಬದಲಾಗಲೇಬೇಕಾದ ಕಡೆ ಮೆಟ್ಟಿಲಿನಂತೆ ಥಟ್ಟನೆ ಬದಲಿಸಬೇಡಿ. ದಪ್ಪಗಳ ವ್ಯತ್ಯಾಸದ ಕನಿಷ್ಠ ಮೂರು ಪಟ್ಟು ಉದ್ದದಲ್ಲಿ ಇಳಿಜಾರಾಗಿ ಇಳಿಸಿ.

ಹಂತ 3: ಮೂಲೆ, ರಿಬ್ ಮತ್ತು ಬಾಸ್

ಚೂಪಾದ ಒಳಮೂಲೆಯಲ್ಲಿ ಹರಿವು ಮುಗ್ಗರಿಸುತ್ತದೆ, ಅಲ್ಲಿಯೇ ಮುಂದೆ ಬಿರುಕೂ ಹುಟ್ಟುತ್ತದೆ. ಒಳಮೂಲೆಗೆ ಗೋಡೆಯ ದಪ್ಪದ ಅರ್ಧದಷ್ಟು ತ್ರಿಜ್ಯ ಕೊಡಿ. ಹೊರಮೂಲೆಗೆ ಅದಕ್ಕೆ ಒಂದು ದಪ್ಪ ಸೇರಿಸಿ, ಅಂದರೆ ಒಂದೂವರೆ ದಪ್ಪದಷ್ಟು ತ್ರಿಜ್ಯ ಕೊಡಿ. ಆಗ ತಿರುವಿನಲ್ಲಿಯೂ ಗೋಡೆ ಒಂದೇ ದಪ್ಪವಾಗಿರುತ್ತದೆ. ಒಳಗೆ ಮಾತ್ರ ದುಂಡಾಗಿಸಿ ಹೊರಗೆ ಚೂಪಾಗಿ ಬಿಡುವುದು ಬಹಳ ಮಂದಿ ಮಾಡುವ ತಪ್ಪು. ಹಾಗೆ ಮಾಡಿದರೆ ಮೂಲೆಯಲ್ಲಿ ಮಾಲಿನ ಗಡ್ಡೆ ಕಟ್ಟುತ್ತದೆ.

ರಿಬ್ ಎಂದರೆ ಗೋಡೆಗೆ ಆಸರೆಯಾಗಿ ನಿಲ್ಲಿಸುವ ತೆಳುವಾದ ಪಟ್ಟಿ. ಬಾಸ್ ಎಂದರೆ ಸ್ಕ್ರೂ ಕೂರಿಸಲು ಎಬ್ಬಿಸಿದ ಕೊಳವೆಯಂತಹ ಗುಬ್ಬಿ. ಬಲ ಬೇಕಾದಾಗ ಗೋಡೆಯನ್ನು ದಪ್ಪ ಮಾಡುವುದರ ಬದಲು ರಿಬ್ ಕೊಡಿ. ಪ್ಲಾಸ್ಟಿಕ್‌ನಲ್ಲಿ ರಿಬ್‌ನ ಬುಡ ಗೋಡೆಯ ದಪ್ಪದ 50ರಿಂದ 60 ಶೇಕಡಾ ಮೀರಬಾರದು, ಎತ್ತರ ಗೋಡೆಯ ದಪ್ಪದ ಮೂರು ಪಟ್ಟಿನೊಳಗಿರಲಿ. ಮೀರಿದರೆ ರಿಬ್‌ನ ಬುಡದಲ್ಲಿ ಮಾಲು ನಿಧಾನವಾಗಿ ತಣಿದು ಕುಗ್ಗುತ್ತಾ ಎದುರು ಮೈಯನ್ನು ಒಳಗೆಳೆಯುತ್ತದೆ. ಹೊಳಪಿನ ಮೇಲ್ಮೈಯಲ್ಲಿ ಕಾಣುವ ಆ ಕುಳಿಗೆ ಸಿಂಕ್ ಮಾರ್ಕ್ ಎಂದು ಹೆಸರು. ಬಾಸ್ ಅನ್ನು ಹೊರಗೋಡೆಗೆ ನೇರವಾಗಿ ಅಂಟಿಸಬೇಡಿ. ತುಸು ಒಳಗೆ ನಿಲ್ಲಿಸಿ, ತೆಳುವಾದ ರಿಬ್‌ನಿಂದ ಗೋಡೆಗೆ ಜೋಡಿಸಿ.

ಹಂತ 4: ಡ್ರಾಫ್ಟ್

ಡ್ರಾಫ್ಟ್ ಎಂದರೆ ಪೀಸ್ ಅಚ್ಚಿನಿಂದ ಸಲೀಸಾಗಿ ಕಳಚಿಕೊಳ್ಳಲು ಗೋಡೆಗೆ ಕೊಡುವ ಸಣ್ಣ ಓರೆ. ಪ್ಲಾಸ್ಟಿಕ್‌ಗೆ ಪ್ರತಿ ಬದಿಗೆ 1 ಡಿಗ್ರಿ ಇರಲಿ. ಮೇಲ್ಮೈಗೆ ತರಿತರಿಯಾದ ವಿನ್ಯಾಸ ಕೊಡುವುದಿದ್ದರೆ ಇನ್ನಷ್ಟು ಬೇಕು. ಅಲ್ಯುಮಿನಿಯಂಗೆ 1ರಿಂದ 2 ಡಿಗ್ರಿ, ಜಿಂಕ್‌ಗೆ ಅರ್ಧದಿಂದ 1 ಡಿಗ್ರಿ. ಲೋಹ ಕುಗ್ಗುವಾಗ ಕೋರ್ ಅನ್ನು, ಅಂದರೆ ಒಳಗಿನ ಟೊಳ್ಳನ್ನು ರೂಪಿಸುವ ಉಕ್ಕಿನ ತುಂಡನ್ನು, ಬಿಗಿಯಾಗಿ ಅಪ್ಪಿಕೊಳ್ಳುವುದರಿಂದ ಒಳಗೋಡೆಗೆ ಹೊರಗೋಡೆಗಿಂತ ಹೆಚ್ಚು ಓರೆ ಕೊಡಬೇಕು.

ಹಂತ 5: ಗೇಟ್ ಎಲ್ಲಿರಬೇಕೆಂದು ನಿರ್ಧರಿಸಿ

ಗೇಟ್ ಎಂದರೆ ಮಾಲು ಬಿಡಿಭಾಗದೊಳಗೆ ಪ್ರವೇಶಿಸುವ ಬಾಗಿಲು. ಕತ್ತರಿಸಲು ಎಲ್ಲಿ ಅನುಕೂಲವೋ ಅಲ್ಲಿ ಗೇಟ್ ಇಡುವ ಪದ್ಧತಿ ನಮ್ಮಲ್ಲಿದೆ. ಈ ಲೇಖನ ಓದುವವರಾದರೂ ಅದನ್ನು ಬಿಡಬೇಕೆಂದು ಕೋರುತ್ತೇನೆ.

ಮೊದಲ ನಿಯಮ: ಪ್ಲಾಸ್ಟಿಕ್‌ನಲ್ಲಿ ದಪ್ಪ ಭಾಗದಿಂದ ತೆಳು ಭಾಗದ ಕಡೆಗೆ ಹರಿಸಿ. ತೆಳು ಭಾಗದ ಕಡೆಯಿಂದ ತುಂಬಿಸಿದರೆ ಅದು ಮೊದಲು ಗಟ್ಟಿಯಾಗಿ, ಹಿಂದಿರುವ ದಪ್ಪ ಭಾಗಕ್ಕೆ ಒತ್ತಡ ತಲುಪದೆ ಹೋಗುತ್ತದೆ. ಎರಡನೆಯ ನಿಯಮ: ಗೇಟಿನಿಂದ ಹೊರಟ ಮಾಲಿಗೆ ಎದುರಿಗೆ ಒಂದು ಗೋಡೆಯೋ ಪಿನ್ನೋ ಸಿಗಲಿ. ಖಾಲಿ ಬಯಲಿಗೆ ತೆರೆದ ಸಣ್ಣ ಗೇಟಿನಿಂದ ಮಾಲು ಹಗ್ಗದಂತೆ ಚಿಮ್ಮಿ ಸುರುಳಿ ಸುತ್ತಿಕೊಳ್ಳುತ್ತದೆ, ಆ ಗುರುತು ಪೀಸ್ ಮೇಲೆ ಹಾವಿನ ಜಾಡಿನಂತೆ ಉಳಿಯುತ್ತದೆ.

ಮೂರನೆಯದು ಬೆಸುಗೆ ಗೆರೆ, ಟೂಲ್‌ರೂಮಿನ ಮಾತಿನಲ್ಲಿ ವೆಲ್ಡ್ ಲೈನ್. ರಂಧ್ರವನ್ನು ಅಥವಾ ಪಿನ್ನನ್ನು ಸುತ್ತಿ ಬಂದ ಎರಡು ಹರಿವುಗಳು ಆಚೆ ಬದಿಯಲ್ಲಿ ಸೇರುವ ಜಾಗವಿದು. ಅಷ್ಟು ಹೊತ್ತಿಗೆ ಎರಡರ ಮುಖವೂ ತಣ್ಣಗಾಗಿರುವುದರಿಂದ ಅವು ಪೂರ್ತಿ ಬೆರೆಯುವುದಿಲ್ಲ. ಗಾಜಿನ ನಾರು ಬೆರೆಸಿದ ನೈಲಾನ್‌ನಲ್ಲಿ ನಾರುಗಳು ಈ ಗೆರೆಯನ್ನು ದಾಟದ ಕಾರಣ ಅಲ್ಲಿನ ದೌರ್ಬಲ್ಯ ಇನ್ನೂ ಹೆಚ್ಚು.

ಇದನ್ನು ಹನಿ ನೀರಾವರಿಯ 16 ಮಿಲಿಮೀಟರ್ ಲ್ಯಾಟರಲ್ ಪೈಪಿನ ಜೋಡಕ್ಕೆ ಅನ್ವಯಿಸಿ ನೋಡೋಣ. ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ತೋಟದವರಿಗೆ ಪರಿಚಿತವಾದ ವಸ್ತುವಿದು. ಜೋಡದ ರಂಧ್ರವನ್ನು ಉದ್ದನೆಯ ಕೋರ್ ಪಿನ್ ರೂಪಿಸುತ್ತದೆ. ಗೇಟ್ ಒಂದು ಬದಿಯಲ್ಲಿದ್ದರೆ ಮಾಲು ಪಿನ್ನನ್ನು ಸುತ್ತಿ ಎದುರು ಬದಿಯಲ್ಲಿ ಸೇರಿ, ಕೊಳವೆಯ ಉದ್ದಕ್ಕೂ ಬೆಸುಗೆ ಗೆರೆ ಉಳಿಯುತ್ತದೆ. ರೈತ ಪೈಪನ್ನು ಜೋಡದ ತುದಿಯ ಹಲ್ಲುಗಳ ಮೇಲೆ ಒತ್ತಿ ತಳ್ಳಿದಾಗ ಪೈಪು ಹಿಗ್ಗುತ್ತದೆ, ಜೋಡದ ಮೇಲೆ ಸುತ್ತಲೂ ಬಲ ಬೀಳುತ್ತದೆ. ಆ ಮೇಲೆ ಒಳಗಿನ ನೀರಿನ ಒತ್ತಡವೂ ಸೇರುತ್ತದೆ. ಸೀಳುವುದಾದರೆ ಅದು ಈ ಗೆರೆಯಲ್ಲಿಯೇ. ಇದಲ್ಲದೆ, ಒಂದೇ ಬದಿಯಿಂದ ನುಗ್ಗಿದ ಮಾಲು ತೆಳುವಾದ ಪಿನ್ನನ್ನು ಕೂದಲೆಳೆಯಷ್ಟು ಬಾಗಿಸುತ್ತದೆ; ಆಗ ಕೊಳವೆಯ ಒಂದು ಗೋಡೆ ದಪ್ಪವಾಗಿ, ಇನ್ನೊಂದು ತೆಳುವಾಗಿ ಬರುತ್ತದೆ. ನಾನು ಆರಂಭದ ವರ್ಷಗಳಲ್ಲಿ ಮಾಡಿಸಿದ ಇಂತಹದೊಂದು ಅಚ್ಚಿನ ಗೇಟ್ ಅನ್ನು ಕೊನೆಗೆ ಬೆಸುಗೆ ಹಾಕಿ ಮುಚ್ಚಿ, ಬೇರೆ ಕಡೆ ಕೊರೆಯಬೇಕಾಯಿತು.

ಪರಿಹಾರ ಹೀಗೆ: ಗೇಟ್ ಅನ್ನು ಹಲ್ಲುಗಳಿರುವ ತುದಿಯಿಂದ ದೂರ, ನಡುವಿನ ದಪ್ಪ ಪಟ್ಟಿಯ ಮೇಲೆ ಇಡಿ. ಪಿನ್ನನ್ನು ಎರಡೂ ಕಡೆಯಿಂದ ಬರುವ ಎರಡು ಚಿಕ್ಕ ಪಿನ್ನುಗಳಾಗಿ ಮಾಡಿ, ನಡುವೆ ಒಂದರೊಳಗೊಂದು ಕೂರುವಂತೆ ಮಾಡಿದರೆ ಅದು ಬಾಗುವುದಿಲ್ಲ. ಬೆಸುಗೆ ಗೆರೆಯನ್ನು ಪೂರ್ತಿ ತಪ್ಪಿಸಲಾಗದು, ಆದರೆ ಮಾಲು ಬಿಸಿಯಾಗಿರುವಾಗಲೇ ಸೇರಿದರೆ ಗೆರೆ ಬಲವಾಗಿರುತ್ತದೆ. ಅಚ್ಚಿನ ಎರಡು ಹೋಳುಗಳು ಕೂಡುವ ಗೆರೆ, ಅಂದರೆ ಪಾರ್ಟಿಂಗ್ ಲೈನ್, ಹಲ್ಲುಗಳ ಮೇಲೆ ಹಾಯುವುದು ಇಲ್ಲಿ ಅನಿವಾರ್ಯ. ಅಲ್ಲಿ ಫ್ಲ್ಯಾಶ್ ಬಂದರೆ, ಅಂದರೆ ತೆಳುವಾದ ಪದರ ಹೊರಚಾಚಿದರೆ, ಅದೇ ಸಂದಿಯಿಂದ ನೀರು ಸೋರುತ್ತದೆ. ಆದ್ದರಿಂದ ಆ ಜಾಗದಲ್ಲಿ ಹೋಳುಗಳ ಜೋಡಣೆ ಅತಿ ನಿಖರವಾಗಿರಬೇಕು.

ಗೇಟಿನ ದಪ್ಪ ಸಾಮಾನ್ಯವಾಗಿ ಗೋಡೆಯ ದಪ್ಪದ 50ರಿಂದ 80 ಶೇಕಡಾ. ಆರಂಭದಲ್ಲಿ ಚಿಕ್ಕದಾಗಿಯೇ ಕೊರೆಯಿಸಿ, ಏಕೆಂದರೆ ಉಕ್ಕನ್ನು ತೆಗೆಯುವುದು ಸುಲಭ, ಮರಳಿ ಸೇರಿಸುವುದು ಕಷ್ಟ.

ಹಂತ 6: ರನ್ನರ್ ಹಂಚಿಕೆ

ಒಂದೇ ಅಚ್ಚಿನಲ್ಲಿ ಎಂಟು ಅಥವಾ ಹದಿನಾರು ಪೀಸ್ ತೆಗೆಯುವಾಗ ಮಾಲನ್ನು ಹಂಚುವ ಕಾಲುವೆಗಳೇ ರನ್ನರ್. ಮುಖ್ಯ ಕಾಲುವೆಯಿಂದ ಮೀನಿನ ಮುಳ್ಳಿನಂತೆ ಅಕ್ಕಪಕ್ಕಕ್ಕೆ ಕವಲೊಡೆಸಿದರೆ ಮೊದಲ ಪೀಸ್‌ಗಳಿಗೆ ಹೆಚ್ಚು ಮಾಲು, ಕೊನೆಯವಕ್ಕೆ ಕಡಿಮೆ. ಒಂದೇ ಹೊಡೆತದಲ್ಲಿ ಮೊದಲಿನದರಲ್ಲಿ ಫ್ಲ್ಯಾಶ್, ಕೊನೆಯದರಲ್ಲಿ ಶಾರ್ಟ್ ಶಾಟ್ ಕಾಣುತ್ತದೆ. ಎಚ್ ಅಕ್ಷರದ ಆಕಾರದಲ್ಲಿ ಪ್ರತಿ ಕವಲೂ ಸಮ ದೂರ ಸಾಗುವಂತೆ ಹಂಚಿದರೆ ಎಲ್ಲವೂ ಒಟ್ಟಿಗೆ ತುಂಬುತ್ತವೆ. ರನ್ನರಿನ ಅಡ್ಡಛೇದ ಪೂರ್ಣ ದುಂಡಾಗಿದ್ದರೆ ಶಾಖ ನಷ್ಟ ಅತ್ಯಂತ ಕಡಿಮೆ. ಪ್ರತಿ ತಿರುವಿನ ತುದಿಯಲ್ಲಿ ರನ್ನರ್ ಅನ್ನು ತುಸು ಮುಂದಕ್ಕೆ ಚಾಚಿ. ಮುಂಚೂಣಿಯಲ್ಲಿ ಬರುವ ತಣ್ಣನೆಯ ಮಾಲು ಪೀಸ್‌ನೊಳಗೆ ಹೋಗದೆ ಅಲ್ಲಿಯೇ ನಿಲ್ಲುತ್ತದೆ.

ಹಂತ 7: ಗಾಳಿಗೆ ದಾರಿ ಬಿಡಿ

ಮಾಲು ಒಳಬರುವ ಮುನ್ನ ಅಚ್ಚಿನ ತುಂಬ ಇರುವುದು ಗಾಳಿ. ಅದಕ್ಕೆ ಹೊರಹೋಗಲು ದಾರಿಯಿಲ್ಲದಿದ್ದರೆ ಮೂಲೆಯಲ್ಲಿ ಒತ್ತಲ್ಪಟ್ಟು ಎಷ್ಟು ಬಿಸಿಯಾಗುತ್ತದೆಂದರೆ ಪ್ಲಾಸ್ಟಿಕ್ ಅಲ್ಲಿ ಸುಟ್ಟು ಕಪ್ಪಾಗುತ್ತದೆ. ಕಪ್ಪು ಕಲೆ ಯಾವಾಗಲೂ ಒಂದೇ ಜಾಗದಲ್ಲಿ ಬರುತ್ತಿದ್ದರೆ ಮಾಲನ್ನು ದೂರದೆ ಆ ಜಾಗದ ವೆಂಟ್ ನೋಡಿ. ವೆಂಟ್ ಎಂದರೆ ಗಾಳಿ ಮಾತ್ರ ನುಸುಳುವಷ್ಟು ಆಳವಿಲ್ಲದ ಗೀರು. ಪಿಪಿ, ನೈಲಾನ್‌ಗೆ 0.01ರಿಂದ 0.02 ಮಿಲಿಮೀಟರ್, ಎಬಿಎಸ್‌ಗೆ 0.03ರಿಂದ 0.05 ಮಿಲಿಮೀಟರ್ ಆಳ ಸಾಕು. ಒಂದು ಅಥವಾ ಒಂದೂವರೆ ಮಿಲಿಮೀಟರ್ ದಾಟಿದ ಮೇಲೆ ಅದನ್ನು ಅರ್ಧ ಮಿಲಿಮೀಟರ್ ಆಳಕ್ಕೆ ಇಳಿಸಿ ಹೊರಗಿನವರೆಗೆ ಒಯ್ಯಿರಿ. ಕುರುಡು ರಂಧ್ರದ ತಳದಲ್ಲಿ, ಆಳವಾದ ರಿಬ್‌ನ ತುದಿಯಲ್ಲಿ ವೆಂಟ್ ಗೀರಲು ಜಾಗವಿರುವುದಿಲ್ಲ. ಅಲ್ಲಿ ಒಂದು ಎಜೆಕ್ಟರ್ ಪಿನ್, ಅಂದರೆ ಪೀಸನ್ನು ಹೊರತಳ್ಳುವ ಪಿನ್, ಇಟ್ಟರೆ ಅದರ ಸಂದಿಯಿಂದಲೇ ಗಾಳಿ ಹೊರಹೋಗುತ್ತದೆ.

ಡೈಕಾಸ್ಟಿಂಗ್‌ನಲ್ಲಿ ವೆಂಟ್ ಜೊತೆಗೆ ಓವರ್‌ಫ್ಲೋ ಕೂಡ ಬೇಕು. ಹರಿವಿನ ಕೊನೆಯಲ್ಲಿ, ಪೀಸ್‌ನ ಹೊರಗೆ ಕೊರೆದ ಸಣ್ಣ ಕುಣಿಯಿದು. ತಣ್ಣಗಾದ ಮೊದಲ ಲೋಹ, ಡೈಗೆ ಸಿಂಪಡಿಸಿದ ಎಣ್ಣೆಯ ಹೊಗೆ, ಗಾಳಿಗುಳ್ಳೆ ಎಲ್ಲವನ್ನೂ ಅದು ನುಂಗಿಕೊಳ್ಳುತ್ತದೆ. ಬಳ್ಳಾರಿಯ ಜೀನ್ಸ್‌ಗೆ ಹಾಕುವಂತಹ ಜಿಂಕ್ ಗುಂಡಿ, ಬಕಲ್‌ಗಳಿಗೆ ಇದು ಎಷ್ಟು ಮುಖ್ಯವೆಂಬುದು ಮೆರುಗು ಲೇಪಿಸಿದ ಮೇಲೆ ತಿಳಿಯುತ್ತದೆ. ಎರಕ ಹೊರಬಂದಾಗ ಚೆನ್ನಾಗಿಯೇ ಕಂಡ ಗುಂಡಿ, ಲೇಪನ ಮುಗಿಸಿ ಬಿಸಿ ತಾಗಿದಾಗ ಚರ್ಮದಡಿಯ ಗಾಳಿ ಹಿಗ್ಗಿ ಬೊಕ್ಕೆಯೇಳುತ್ತದೆ. ಎರಡು ಲೋಹದ ಹರಿವುಗಳು ಬೆರೆಯದೆ ಉಳಿದ ಗೆರೆ, ಅಂದರೆ ಕೋಲ್ಡ್ ಶಟ್, ಹೊಳಪಿನಲ್ಲಿ ಎದ್ದು ಕಾಣುತ್ತದೆ. ಗುಂಡಿಯ ಮುಖದ ಮೇಲಿನ ಅಕ್ಷರ, ಚಿತ್ರಗಳ ಅಂಚನ್ನು ದುಂಡಾಗಿಸಿ. ಚೂಪಾದ, ಆಳವಾದ ಕೆತ್ತನೆ ಲೋಹದ ಹರಿವನ್ನು ಸೀಳುತ್ತದೆ. ಇದೇ ಮಾತಿಗೆ ಇನ್ನೊಂದನ್ನು ಸೇರಿಸುತ್ತೇನೆ: ಜಿಂಕ್ ಕುಲುಮೆಗೆ ಬೆಸುಗೆಯ ಸೀಸವೋ ತವರವೋ ಅಂಟಿದ ಗುಜರಿಯನ್ನು ಎಂದಿಗೂ ಹಾಕಬೇಡಿ. ಅತ್ಯಲ್ಪ ಪ್ರಮಾಣದ ಸೀಸವೂ ಕಾಲಕ್ರಮದಲ್ಲಿ ಲೋಹದ ಕಣಗಳ ಅಂಚನ್ನು ಕೊರೆದು, ಗುಂಡಿ ತಾನಾಗಿಯೇ ಪುಡಿಯಾಗುವಂತೆ ಮಾಡುತ್ತದೆ.

ಹಂತ 8: ತಂಪು ಮಾಡುವ ನೀರಿನ ದಾರಿ

ಹರಿವು ಚೆನ್ನಾಗಿರಲು ಅಚ್ಚಿನ ಉಷ್ಣತೆ ಎಲ್ಲ ಕಡೆಯೂ ಸಮನಾಗಿರಬೇಕು. ಒಂದು ಬದಿ ಬಿಸಿ, ಇನ್ನೊಂದು ಬದಿ ತಂಪು ಎಂದಾದರೆ ಪೀಸ್ ಹೊರಬಂದ ಮೇಲೆ ಬಿಸಿ ಬದಿಯ ಕಡೆಗೆ ಬಾಗುತ್ತದೆ. ನೀರಿನ ರಂಧ್ರಗಳು 8ರಿಂದ 10 ಮಿಲಿಮೀಟರ್ ವ್ಯಾಸದಲ್ಲಿದ್ದು, ಪೀಸ್‌ನ ಮೇಲ್ಮೈಯಿಂದ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ದೂರದಲ್ಲಿರಲಿ. ಕೋರ್‌ನ ಒಳಗೂ ನೀರು ಹಾಯುವಂತೆ ನೋಡಿಕೊಳ್ಳಿ, ಏಕೆಂದರೆ ಶಾಖ ಹೆಚ್ಚು ಸೆರೆಯಾಗುವುದು ಅಲ್ಲಿಯೇ.

ನಮ್ಮ ಜಿಲ್ಲೆಗಳಲ್ಲಿ ಇದಕ್ಕೆ ಎರಡು ಸ್ಥಳೀಯ ತೊಡಕುಗಳಿವೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ತೆರೆದ ತೊಟ್ಟಿಯ ನೀರೂ ಬಿಸಿಯಾಗಿ, ಜನವರಿಯಲ್ಲಿ ಹೊಂದಿಸಿದ ಸಮಯಕ್ಕೇ ಪೀಸ್ ತೆಗೆದರೆ ಕುಳಿ ಬೀಳುತ್ತದೆ. ತೊಟ್ಟಿಗೆ ನೆರಳು ಮಾಡುವುದು ತೀರ ಕಡಿಮೆ ಖರ್ಚಿನ ಪರಿಹಾರ. ಸಾಧ್ಯವಿದ್ದವರು ನೀರನ್ನು ತಂಪಾಗಿಸುವ ಚಿಲ್ಲರ್ ಹಾಕಿಸಿಕೊಳ್ಳಲಿ. ಇನ್ನೊಂದು, ಬೋರ್‌ವೆಲ್‌ನ ಗಡಸು ನೀರು. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಕಿಟ್ಟವೇ ಅಚ್ಚಿನ ರಂಧ್ರಗಳಲ್ಲಿಯೂ ಕಟ್ಟಿ, ಉಕ್ಕಿಗೂ ನೀರಿಗೂ ನಡುವೆ ಹೊದಿಕೆಯಾಗುತ್ತದೆ. ಮೆದುಗೊಳಿಸಿದ ನೀರನ್ನೇ ಸುತ್ತಿ ಸುತ್ತಿ ಬಳಸಿ, ರಂಧ್ರಗಳಲ್ಲಿ ನೀರು ಎಷ್ಟು ವೇಗವಾಗಿ ಹಾಯುತ್ತಿದೆ ಎಂದು ಆಗಾಗ ಬಕೆಟ್ ಹಿಡಿದು ಅಳೆಯಿರಿ.

ಹಂತ 9: ಟ್ರಯಲ್

ಅಚ್ಚು ಕೊರೆಯುವ ಮುನ್ನ ಕಂಪ್ಯೂಟರಿನಲ್ಲಿ ಹರಿವಿನ ವಿಶ್ಲೇಷಣೆ ಮಾಡಿಸಲು ಸಾಧ್ಯವಾದರೆ ಮಾಡಿಸಿ. ಜಿಟಿಟಿಸಿಯಂತಹ ಸರ್ಕಾರಿ ಟೂಲ್‌ರೂಮ್, ಮೈಸೂರಿನ ಸಿಪೆಟ್‌ನಂತಹ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆಗಳಲ್ಲಿ ಈ ವಿಷಯ ಬಲ್ಲವರಿದ್ದಾರೆ. ವಿಚಾರಿಸಲು ಸಂಕೋಚ ಬೇಡ. ಆದರೆ ಅಚ್ಚು ಕೈಗೆ ಬಂದ ಮೇಲೆ ಮಾಡುವ ಒಂದು ಪರೀಕ್ಷೆಗೆ ಕಂಪ್ಯೂಟರ್ ಬೇಡ. ಹೋಲ್ಡಿಂಗ್ ಒತ್ತಡವನ್ನು, ಅಂದರೆ ತುಂಬಿದ ಮೇಲೆ ಹಿಡಿದಿಡುವ ಒತ್ತಡವನ್ನು, ಪೂರ್ತಿ ತೆಗೆದು, ಒಂದು ಹೊಡೆತಕ್ಕೆ ಹೋಗುವ ಮಾಲನ್ನು ಬೇಕೆಂದೇ ಕಡಿಮೆ ಮಾಡಿ, ಪೀಸ್ ಕಾಲು ಭಾಗ, ಅರ್ಧ, ಮುಕ್ಕಾಲು, ಕೊನೆಗೆ 95 ಶೇಕಡಾ ತುಂಬುವಂತೆ ಒಂದೊಂದಾಗಿ ತೆಗೆಯಿರಿ. ಆ ಅರೆಬರೆ ಪೀಸ್‌ಗಳನ್ನು ಸಾಲಾಗಿ ಮೇಜಿನ ಮೇಲಿಟ್ಟರೆ ಮಾಲು ಯಾವ ಕಡೆ ಮೊದಲು ಓಡಿತು, ಎಲ್ಲಿ ಹಿಂದುಳಿಯಿತು, ಎರಡು ಹರಿವುಗಳು ಎಲ್ಲಿ ಸೇರಿದವು, ಗಾಳಿ ಎಲ್ಲಿ ಸಿಕ್ಕಿಕೊಂಡಿತು ಎಂಬುದೆಲ್ಲ ಕಣ್ಣಿಗೇ ಕಾಣುತ್ತದೆ. ಪೀಸ್ ಅಚ್ಚಿನ ಆಳದಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವ ಆಕಾರಗಳಲ್ಲಿ ಮಾತ್ರ ಕಾಲು ಭಾಗದಿಂದ ಆರಂಭಿಸದೆ ಮುಕ್ಕಾಲಿನಿಂದ ಆರಂಭಿಸಿ.

ತಿದ್ದುವಾಗ ಒಮ್ಮೆಗೆ ಒಂದೇ ಬದಲಾವಣೆ ಮಾಡಿ: ಮೊದಲು ವೆಂಟ್, ಆಮೇಲೆ ಗೇಟಿನ ಅಳತೆ, ಆಮೇಲೆ ರನ್ನರ್, ಗೋಡೆಯ ದಪ್ಪವನ್ನು ಮುಟ್ಟುವುದು ಕೊನೆಗೆ. ಪ್ರತಿ ತಿದ್ದುಪಡಿಯ ನಂತರ ಅದೇ ಸಾಲು ಪೀಸ್‌ಗಳನ್ನು ಮತ್ತೆ ತೆಗೆದು, ದಿನಾಂಕ, ಮಾಲಿನ ಗ್ರೇಡ್, ಮಾಲು ಕರಗುವ ಬ್ಯಾರಲ್‌ನ ಉಷ್ಣತೆ, ನೀರಿನ ಉಷ್ಣತೆ, ತುಂಬಿದ ಸಮಯಗಳನ್ನು ಚೀಟಿಯಲ್ಲಿ ಬರೆದು, ಪೀಸ್‌ಗಳೊಡನೆ ಚೀಲದಲ್ಲಿ ಹಾಕಿ ಅಚ್ಚಿಗೇ ಕಟ್ಟಿಡಿ. ಆರು ತಿಂಗಳ ನಂತರ ಅಚ್ಚು ಮತ್ತೆ ಮಷಿನ್ ಏರಿದಾಗ, ಹೊಸ ಆಪರೇಟರ್ ಮೊದಲು ಬಿಚ್ಚಿ ನೋಡಬೇಕಾದದ್ದು ಆ ಚೀಲವನ್ನು.